ಎಲ್ಲೂ ಇಲ್ಲದ ದುಂಡು ರೊಟ್ಟಿ

ಗಣಿತ ವಿಭಾಗ ಮುಚ್ಚಿಸಿದ ಮಾನ್ಯ ಅಧಿಕಾರಿಗಳೇ,

ಭಾಲ್ಕಿಯ ನಮ್ಮ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಗಣಿತ ಇನ್ನಿಲ್ಲ. ವಿದ್ಯಾರ್ಥಿನಿಯರು ಸಾಲದೆಂದು ತಾವು ಆದೇಶ ಹೊರಡಿಸಿದಿರಿ, ಅದೂ ತರಗತಿಗಳು ಆರಂಭವಾದ ಮೇಲೆ. ಅಷ್ಟರಲ್ಲಿ ಬೀದರಿನಲ್ಲಿ ಸೀಟುಗಳು ತುಂಬಿದ್ದವು. ಮಗಳು ಶರ್ವರಿಯನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದಾಗ ತಾವು ಸಮಾಧಾನವನ್ನೂ ದಯಪಾಲಿಸಿದಿರಿ: "ಲೆಕ್ಕನೇ ಬೇಕಂದ್ರ ಕಾಮರ್ಸ್‌ನಾಗೂ ಲೆಕ್ಕ ಅದಾವಲ್ರಿ ಬಾಯೋರ. ಮುಂದ ಉಪಯೋಗಕ್ಕೂ ಬರ್ತದ."

ಎಂಥ ದೊಡ್ಡ ಮನಸ್ಸು! ಹಾಡು ಕಲಿಯಲು ಬಂದವಳಿಗೆ ಲೌಡ್‌ಸ್ಪೀಕರ್ ರಿಪೇರಿ ಕಲಿಯಲು ಹೇಳಿದಂತಾಯಿತು.

ನಾನು ಗಣಿತ ಓದಿದವಳಲ್ಲ. ಕನ್ನಡ ಎಂ.ಎ. ಮಾಡಿದವಳು, ಕವಿತೆ ಓದುವುದು ನನ್ನ ಚಟ. ಗಣಿತವೆಂದರೆ ಏನೆಂದು ನನಗೆ ಸ್ವಲ್ಪವಾದರೂ ಹೊಳೆದದ್ದು ನಮ್ಮ ಅಡುಗೆಮನೆಯಲ್ಲಿ. ನನ್ನ ಅತ್ತೆ ಅಂಬೂಬಾಯಿಯವರು ಜೋಳದ ರೊಟ್ಟಿ ಬಡಿಯುವುದರಲ್ಲಿ ತಮ್ಮ ಹಳ್ಳಿ ಮೆಹಕರಕ್ಕೆಲ್ಲ ಹೆಸರಾದವರು. ಬಡಿದ ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ಮೊಮ್ಮಗಳಿಗೆ ತೋರಿಸಿಯೇ ಹಂಚಿಗೆ ಹಾಕುವುದು ಅವರ ರೂಢಿ. ಶರ್ವರಿ ಒಮ್ಮೆಯೂ ಹೂಂ ಅಂದವಳಲ್ಲ.

"ದುಂಡಗಿಲ್ಲ, ಆಯಿ."

"ನಿಮ್ಮವ್ವನ ರೊಟ್ಟಿ ನೋಡು, ನಾಕೂ ಕಡಿ ಮೂಲಿ! ಖರೇ ದುಂಡಂದು ಎಲ್ಲದ, ತಂದು ತೋರ್ಸು."

"ಎಲ್ಲೂ ಇಲ್ಲ. ನಿನ್ನ ಕೈಯಾನ ಬಳಿನೂ ಅಲ್ಲ, ಚಂದ್ರನೂ ಅಲ್ಲ. ಮನುಷ್ಯಾರು ಮನಸಿನಾಗ ಮಾಡಿಟ್ಟಾರ."

"ಇಲ್ಲದ್ದರ ಜೋಡಿ ನನ್ನ ರೊಟ್ಟಿ ಹೋಲಸ್ತೀ ಏನು?"

"ಅದು ಮನಸಿನಾಗ ಅದ ಅಂತಲೇ ನಿಂದು ಸೊಟ್ಟ ಅಂತ ಗೊತ್ತಾತು!"

ಅತ್ತೆ ಬಿದ್ದು ಬಿದ್ದು ನಕ್ಕರು. ನನ್ನ ಕೈ ಮಾತ್ರ ಹಿಟ್ಟಿನಲ್ಲೇ ನಿಂತಿತು. ಅಗಲವಿಲ್ಲದ ಗೆರೆ, ಗಾತ್ರವಿಲ್ಲದ ಬಿಂದು, ಕೊನೆಯಿಲ್ಲದ ಎಣಿಕೆ. ಯಾರೂ ಕಂಡಿಲ್ಲ, ಮುಟ್ಟಿಲ್ಲ. ಆದರೂ ಎಂದೋ ಯಾರೋ ಕಲ್ಪಿಸಿದರು. ಅವರ ಭಾಷೆಯೇ ಅರಿಯದ ಜನ ಅದನ್ನು ಒಪ್ಪಿ ಮುಂದಕ್ಕೆ ಬೆಳೆಸಿದರು. ನಾನು ಕವಿತೆಯಲ್ಲಿ ಹುಡುಕುವುದೂ ಇಂಥದ್ದನ್ನೇ ಅಲ್ಲವೇ? ಆಕಾರವಿಲ್ಲದ ಬಯಲನ್ನು ಹಾಡಿದ ಶರಣರ ಈ ನೆಲದಲ್ಲಿ, ಕಣ್ಣಿಗೆ ಕಾಣದ್ದನ್ನು ಧ್ಯಾನಿಸಲು ಹುಡುಗಿಯೊಬ್ಬಳು ಉಪಯೋಗದ ಪ್ರಮಾಣಪತ್ರ ತರಬೇಕೆ?

ಶರ್ವರಿ ಈಗ ಕಾಮರ್ಸ್ ಓದುತ್ತಿದ್ದಾಳೆ. ಅಂಕಗಳು ಚೆನ್ನಾಗಿಯೇ ಬರುತ್ತಿವೆ. ತಮ್ಮ ವರದಿಯಲ್ಲಿ ಅವಳದು ಯಾವ ದೂರೂ ಇರಲಾರದು. ಅತ್ತೆ ಈಗಲೂ ರೊಟ್ಟಿ ಎತ್ತಿ ತೋರಿಸುತ್ತಾರೆ. ಅವಳು ತಲೆ ಎತ್ತದೆ "ಹೂಂ ಆಯಿ, ದುಂಡಗದ" ಅನ್ನುತ್ತಾಳೆ. ಮೊನ್ನೆ ಅತ್ತೆ ಬೇಕೆಂದೇ ಅಂಚು ಹರಿದ ರೊಟ್ಟಿ ಹಿಡಿದರು. ಅದಕ್ಕೂ ಹೂಂ ಅಂದಳು.

"ಹುಡುಗಿ ಐಬು ತೆಗಿಯೋದು ಬಿಟ್ಟಾಳ, ಸೂನಬಾಯಿ," ಎಂದು ಅತ್ತೆ ಸೊಸೆಯಾದ ನನ್ನತ್ತ ತಿರುಗಿ ಕಣ್ಣೊರೆಸಿಕೊಂಡರು. ಒಲೆಯ ಹೊಗೆ ಎಂದರು. ನಮ್ಮದು ಗ್ಯಾಸ್ ಒಲೆ.

ಬರುವ ಜೂನ್‌ಗೆ ಗಣಿತ ವಿಭಾಗವನ್ನು ಮತ್ತೆ ತೆರೆಯಿರಿ, ಕಲಿಯುವವಳು ಒಬ್ಬಳೇ ಆದರೂ. ಒಂದು ವರ್ಷ ಕಳೆದುಹೋದರೆ ಹೋಗಲಿ, ನನ್ನ ಮಗಳು ಮೊದಲಿನಿಂದ ಕೂರುತ್ತಾಳೆ. ಆದರೆ ಬೇಗ ತೆರೆಯಿರಿ. ಅವಳಿಗೆ ಎಲ್ಲ ರೊಟ್ಟಿಗಳೂ ನಿಜವಾಗಿಯೇ ದುಂಡಗೆ ಕಾಣತೊಡಗುವ ಮೊದಲು.

ಇಂತಿ,
ನಾಲ್ಕು ಮೂಲೆಯ ರೊಟ್ಟಿ ಬಡಿಯುವ,
ಶರ್ವರಿಯ ತಾಯಿ
ಭಾಲ್ಕಿ