ಸಣ್ಣ ಹರಳಿನ ನೀಲಿ

೧೧ ಜೂನ್ ೨೦೨೫, ಬುಧವಾರ

ಮೌನೇಶ ಮೇಷ್ಟ್ರಿಗೆ ನಿಮ್ಮ ಹೆಂಡತಿಯ ನಮಸ್ಕಾರ.

ಗಂಡನ ಹೆಸರು ಹಿಡಿದು ಬರೆದಳು ಅಂತ ಮಸರಕಲ್‌ನಲ್ಲಿ ಅತ್ತೆಯವರಿಗೆ ಚಾಡಿ ಹೇಳಬೇಡಿ. ಹೆಂಡತಿ ಅಂತ ಬರೆದುಕೊಳ್ಳುವ ಹಕ್ಕು ನನಗೆ ಭಾನುವಾರದವರೆಗಾದರೂ ಇದೆ. ಅವತ್ತು ಎರಡೂ ಕಡೆಯ ಹಿರಿಯರು ಕೂಡುತ್ತಾರೆ. ಹೊಸ ಮನೆಗೆ ಬರುತ್ತೇನೆ ಅಂತ ನಾನು ಒಪ್ಪಬೇಕು, ಇಲ್ಲವೇ ಇಬ್ಬರೂ ಬೇರೆಯಾಗಬೇಕು. ಹಿರಿಯರ ಮುಂದೆ ನನಗೆ ಮಾತು ಬರುವುದಿಲ್ಲ, ಅಳು ಬರುತ್ತದೆ. ಅದಕ್ಕೇ ಈ ಕಾಗದ.

ನಿನ್ನೆ ಬೆಳಗಿನ ಜಾವ ಒಂದು ಕನಸು ಬಿತ್ತು. ನಮ್ಮ ಹೊಸ ಮನೆ ಹುದುಗು ಬಂದ ಹಿಟ್ಟಿನ ಹಾಗೆ ಉಬ್ಬುತ್ತಿತ್ತು. ಒಂದು ಬಾಗಿಲು ತೆರೆದರೆ ಇನ್ನೊಂದು ಕೋಣೆ, ಅದರಾಚೆ ಮತ್ತೊಂದು. ಎಲ್ಲೋ ನೀವು ಕೆಮ್ಮಿದ್ದು ಕೇಳಿಸಿತು. ಆ ಕಡೆಗೇ ನಡೆದೆ. ನೀಲಿ ಇದ್ದ ಗೋಡೆಗಳು ನಡೆದಂತೆ ಹಸಿರಾದವು, ಆಮೇಲೆ ಕೆಂಪಾದವು. ಕಡೆಯ ಕೋಣೆಯಲ್ಲಿ ಬರೀ ಕತ್ತಲೆ. ಬೆಳಗಿನ ಕನಸು ನಿಜವಾಗುತ್ತದೆ ಅಂತಾರೆ. ಎದ್ದು ಕೂತಾಗ ನಿಮ್ಮ ಲ್ಯಾಬ್ ನೆನಪಾಯಿತು.

ಮದುವೆಯಾದ ಹೊಸತರಲ್ಲಿ ಕಾಲೇಜಿಗೆ ಕರೆದುಕೊಂಡು ಹೋಗಿದ್ದಿರಲ್ಲ. ಕಿಟಕಿ ಮುಚ್ಚಿ ನೇರಳೆ ದೀಪ ಹಚ್ಚಿದಿರಿ. ಸಾಲಾಗಿಟ್ಟ ಗಾಜಿನ ಸೀಸೆಗಳು ಒಂದೊಂದು ಬಣ್ಣದಲ್ಲಿ ಹೊತ್ತಿಕೊಂಡವು. ಬ್ಯಾರೆ ಬ್ಯಾರೆ ಬಣ್ಣ ಹಾಕೀರೇನ್ರೀ ಅಂತ ಕೇಳಿದೆ. ನೀವು ನಕ್ಕು, "ಇಲ್ಲಲೇ ಹುಚ್ಚಿ, ಎಲ್ಲಾದರಾಗೂ ಇರೋದು ಒಂದ ಪದಾರ್ಥ. ಹರಳಿನ ಗಾತ್ರ ಅಷ್ಟ ಬ್ಯಾರೆ ಅದ" ಅಂದಿರಿ.

ಕಣ್ಣಿಗೆ ಕಾಣದಷ್ಟು ಸಣ್ಣ ಹರಳು. ಅದರೊಳಗೆ ಎಲೆಕ್ಟ್ರಾನಿಗೆ ಜಾಗ ಇಕ್ಕಟ್ಟಾದಷ್ಟೂ ಮೇಲಿನ ಮೆಟ್ಟಿಲು ಎತ್ತರವಾಗುತ್ತದೆ. ಅಷ್ಟೆತ್ತರ ಹಾರಿ ಮರಳಿ ಕೆಳಗಿಳಿಯುವಾಗ ಆ ಶಕ್ತಿ ಬೆಳಕಾಗುತ್ತದೆ. ತೀರ ಸಣ್ಣ ಹರಳಿನದು ನೀಲಿ ಬೆಳಕು. ಹರಳು ಬೆಳೆದಂತೆ ಮೆಟ್ಟಿಲು ತಗ್ಗುತ್ತದೆ, ಬೆಳಕು ಕೆಂಪಿನ ಕಡೆ ಜಾರುತ್ತದೆ. ಕೆಲವು ಜಾತಿಯ ಹರಳು ಇನ್ನೂ ದೊಡ್ಡದಾದರೆ ಬೆಳಕೇನೋ ಬರುತ್ತದಂತೆ, ಆದರೆ ನಮ್ಮ ಕಣ್ಣಿಗೆ ಕಾಣುವುದಿಲ್ಲವಂತೆ. ಪೋತ್ನಾಳದ ಶಾಲೆಯಲ್ಲಿ ಕನ್ನಡ ಕಲಿಸುವ ನನಗೂ ತಿಳಿಯುವ ಹಾಗೆ ಹೇಳಿದ್ದಿರಿ.

ಆಗ ನಾವಿದ್ದದ್ದು ರಾಯಚೂರಿನಲ್ಲಿ ಕುಬ್ರಾ ಬೇಗಂ ಅವರ ಮಾಳಿಗೆ ಮೇಲಿನ ಒಂದೇ ಕೋಣೆ. ನಾನು ಟ್ರಂಕು ತೆಗೆಯಬೇಕಾದರೆ ನೀವು ಮಂಚ ಹತ್ತಿ ಕೂರಬೇಕು. ಜಗಳವಾಡಿದರೆ ಸಿಟ್ಟು ಮಾಡಿಕೊಂಡು ಹೋಗಲಿಕ್ಕೆ ಜಾಗವೇ ಇರಲಿಲ್ಲ. ನೀವು ಗೋಡೆ ಕಡೆ ತಿರುಗಿ ಮಲಗುತ್ತಿದ್ದಿರಿ, ಗೋಡೆ ಕಾದ ಹಂಚಿನಂತೆ ಸುಡುತ್ತಿತ್ತು, ಸ್ವಲ್ಪ ಹೊತ್ತಿಗೆ ಈ ಕಡೆ ತಿರುಗಲೇಬೇಕಿತ್ತು. ರಾಯಚೂರಿನ ಬಿಸಿಲು ನಮ್ಮ ಎಷ್ಟು ಜಗಳ ಮುರಿದಿದೆ! ನಾನು ಅಷ್ಟು ನಕ್ಕದ್ದು ಮತ್ತೆಲ್ಲೂ ಇಲ್ಲ.

ಹೆಂಡತಿಗೆ ಇಕ್ಕಟ್ಟು ಅಂತಲೇ ನೀವು ಮಾನ್ವಿ ರಸ್ತೆಯಲ್ಲಿ ಎರಡಂತಸ್ತಿನ ಮನೆ ಕಟ್ಟಿಸಿದಿರಿ. ನನ್ನ ಮೇಲಿನ ಪ್ರೀತಿಗೇ ಕಟ್ಟಿಸಿದಿರಿ, ಗೊತ್ತು. ಗೃಹಪ್ರವೇಶದ ದಿನ ಅತ್ತೆಯವರು ಕೋಣೆಯಿಂದ ಕೋಣೆಗೆ ತಿರುಗಿ ಸುಸ್ತಾಗಿ, "ಯವ್ವಾ, ಇಷ್ಟು ದೊಡ್ಡ ಮನ್ಯಾಗ ನಿಮ್ಮಿಬ್ರನ್ನ ಎಲ್ಲಿ ಹುಡುಕಲಿ?" ಅಂದರು. ನಾವಿಬ್ಬರೂ ನಕ್ಕೆವು. ಆಮೇಲೆ ನೀವು ಮೇಲೆ, ನಾನು ಕೆಳಗೆ. ಊಟಕ್ಕೆ ಬರ್ರಿ ಅಂತ ಕರೆಯಲಿಕ್ಕೂ ಫೋನು. ಸಿಟ್ಟು ಬಂದರೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಲೋಕಕ್ಕೆಲ್ಲ ಸಣ್ಣದರ ಮಹಿಮೆ ಹೇಳುವ ಮೇಷ್ಟ್ರು ತಮ್ಮ ಮನೆಯನ್ನು ಮಾತ್ರ ಬೆಳೆಸುತ್ತಲೇ ಹೋದರು. ದೀಪದ ಬುಡದಲ್ಲೇ ಕತ್ತಲೆ!

ಯುಗಾದಿಯ ನಂತರ ಒಂದು ಸಂಜೆ ನಾನು ಬ್ಯಾಗು ಹಿಡಿದು ಮಾನ್ವಿ ಬಸ್ ಹತ್ತಿದೆ. ನೀವು ಓಡಿಬರುತ್ತೀರಿ ಅಂತ ತವರಿನ ಬಾಗಿಲಲ್ಲೇ ಕೂತಿದ್ದೆ. ನಾನು ಮನೆಯಲ್ಲಿಲ್ಲ ಅಂತ ನಿಮಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಚಹಾ ಬರದಿದ್ದಾಗ. ನನ್ನನ್ನು ನೋಯಿಸಿದ್ದು ಅದೊಂದೇ. ಅತ್ತೆಯವರಲ್ಲ, ಕೆಲಸವಲ್ಲ, ಊರವರು ಹೇಳುವ ಯಾವುದೂ ಅಲ್ಲ.

ಬೆಳೆದ ಹರಳನ್ನು ಮತ್ತೆ ಸಣ್ಣದು ಮಾಡಬಹುದೇ ಅಂತ ಒಮ್ಮೆ ಕೇಳಿದ್ದೆ. ಅದಕ್ಕಿಂತ ಹೊಸದಾಗಿ ಶುರು ಮಾಡುವುದೇ ಸುಲಭ ಅಂದಿದ್ದಿರಿ. ನಾನೂ ಅದನ್ನೇ ಕೇಳುತ್ತಿದ್ದೇನೆ. ದೊಡ್ಡ ಮನೆ ಹಾಗೇ ಇರಲಿ, ಯಾರಿಗಾದರೂ ಬಾಡಿಗೆಗೆ ಕೊಡೋಣ. ಸ್ವಂತ ಮನೆ ಬಿಟ್ಟು ಒಂದು ಕೋಣೆಗೆ ಬಂದರು ಅಂತ ಜನ ನಗುತ್ತಾರೆ, ನಗಲಿ ಬಿಡಿ. ನನಗೆ ನೀವು ಬೇಕು ರೀ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬೇಕು.

ಇನ್ನೂ ನಿಮ್ಮವಳೇ,
ವಿಜಯಲಕ್ಷ್ಮಿ

ತಾ.ಕ.: ನಾನೀಗ ಮಾನ್ವಿಯಲ್ಲಿಲ್ಲ. ಸೋಮವಾರದಿಂದ ಕುಬ್ರಾ ಬೇಗಂ ಅವರ ಮಾಳಿಗೆ ಮೇಲಿದ್ದೇನೆ, ನಮ್ಮ ಹಳೆಯ ಕೋಣೆಯಲ್ಲೇ. ಅಪ್ಪನನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಬೀಗದ ಕೈ ಕೊಡುವ ಮೊದಲು ಬೇಗಂ ಅವರು, "ಎಷ್ಟು ಮಂದಿ ಇರ್ತೀರವ್ವಾ?" ಅಂತ ಕೇಳಿದರು. ಇಬ್ಬರು ಅಂದೆ.