ಅರ್ಧ ಉಂಗುರಗಳು

ಮಾರ್ಚ್ ೧೧, ಮಂಗಳವಾರ

ಮೂರನೇ ಸಲವೂ ಸಹಿ ಸಿಗಲಿಲ್ಲ. ನನ್ನ ಲ್ಯಾಬ್ ರೆಕಾರ್ಡಿನಲ್ಲಿದ್ದ ಮೂಳೆಯ ಚಿತ್ರದ ಮೇಲೆ ಮೇಡಂ ಕೆಂಪು ಗೀಟು ಎಳೆದರು.

"ಪುಸ್ತಕದಲ್ಲಿ ತೂತಿನ ಸುತ್ತ ಉಂಗುರಗಳು ಪೂರ್ತಿ ಇವೆ. ನೀನ್ಯಾಕೆ ಮಧ್ಯೆ ಮಧ್ಯೆ ಉಂಗುರದ ತುಂಡು ಬರೆದಿದ್ದೀಯ?"

"ಸ್ಲೈಡಲ್ಲಿ ಹಾಗೇ ಇದೆ ಮೇಡಂ. ಒಂದ್ಸಲ ನೋಡಿ."

"ನಂಗೇ ಹೇಳಿಕೊಡ್ತೀಯಾ?"

ನೋಡಲಿಲ್ಲ. ಮೈಕ್ರೋಸ್ಕೋಪ್ ಇದ್ದದ್ದು ನಾಲ್ಕೇ ಹೆಜ್ಜೆ ಆಚೆ.

ಆ ಸ್ಲೈಡಿನಲ್ಲಿರುವ ಮೂಳೆಯ ಚೂರನ್ನು ಕೈಯಲ್ಲೇ ಉಜ್ಜಿ, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿದವರು ಲ್ಯಾಬಿನ ಅಟೆಂಡರ್. ಸಿಂಕಿನ ಹತ್ತಿರ ಮೆಲ್ಲಗೆ ಹೇಳಿದರು: "ಅದು ಹಳೇ ಮೂಳೆ ಕಣಮ್ಮ. ಹೊಸ ಉಂಗುರ ಕಟ್ಟೋಕೆ ಮೈ ಹಳೇದನ್ನ ಕೊರೆದು ಹಾಕುತ್ತೆ. ಉಳಿದ ಚೂರೇ ಆ ತುಂಡು. ನೀನು ಹೇಳಿದ್ದು ಸರಿ. ಆದ್ರೂ ಪೂರ್ತಿ ಬರೆದು ಸಹಿ ಹಾಕಿಸ್ಕೊಂಡುಬಿಡು."

ಮಿಕ್ಕವರೆಲ್ಲ ಹಾಗೇ ಮಾಡಿದ್ದಾರೆ. ಅರವತ್ತು ರೆಕಾರ್ಡುಗಳಲ್ಲೂ ಬಳೆ ಜೋಡಿಸಿಟ್ಟಂಥ ಒಂದೇ ಮೂಳೆ! ಶುಕ್ರವಾರದೊಳಗೆ ಸಹಿಯಾಗದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಅಮ್ಮ ಫೋನಿನಲ್ಲಿ, "ಯಾರ ಹತ್ರ ಕಲಿತೆಯೇ ಈ ಹಠಾನ?" ಎಂದಳು. ಕೇಳುವುದು ನೋಡು, ಏನೂ ಗೊತ್ತಿಲ್ಲದವಳ ಹಾಗೆ.

ಲ್ಯಾಬಿಗೆ ಬೀಗ ಹಾಕುವವರೆಗೂ ಕೂತು ಅದೇ ಸ್ಲೈಡನ್ನು ಮತ್ತೆ ನೋಡಿದೆ. ನಾನು ಬರೆದಿದ್ದದ್ದು ಏಳು ತುಂಡು. ಅಲ್ಲಿರುವುದು ಹನ್ನೊಂದು. ತಪ್ಪು ನನ್ನದೇ, ನಾಲ್ಕು ಬಿಟ್ಟುಬಿಟ್ಟಿದ್ದೆ. ಈಗ ತಿದ್ದಿದ್ದೇನೆ.

ನಾಳೆ ರೆಕಾರ್ಡಿನ ಜೊತೆ ಮೈಕ್ರೋಸ್ಕೋಪನ್ನೂ ಹೊತ್ತು ಅವರ ಮೇಜಿನ ಮೇಲಿಡುತ್ತೇನೆ. ಗೀಟು ಎಳೆಯಲಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಕಣ್ಣಿಟ್ಟು ನೋಡಲಿ.