ಓನರಮ್ಮನ ಲಕ್ಕಿ ಬ್ಯಾಂಬೂ

ಜೂನ್ 11
ನೀರು ಬದಲಿಸಿದ್ದಾಯ್ತು. ನಿನ್ನೆ ಮೇಲಿನ ಮನೆಯಿಂದ ಓನರಮ್ಮ ತಂದಿಟ್ಟು ಹೋದ ಲಕ್ಕಿ ಬ್ಯಾಂಬೂ. ಐದು ಕಡ್ಡಿ, ಎರಡು ಪೂರಾ ಹಳದಿ. ಅವರ ಮಗನ ಮೊಬೈಲ್ ಅಂಗಡಿ ಓಪನಿಂಗಿಗೆ ಯಾರೋ ಕೊಟ್ಟದ್ದಂತೆ. ಗಿಡ ಬಾಡಿದಾಗಿನಿಂದ ವ್ಯಾಪಾರವೂ ಬಿದ್ದಿದೆಯಂತೆ. "ನಿನ್ನ ಕೈಗುಣ ಚೊಲೋ ಐತಿ ಅಂಬಿಕಾ, ಹೆಂಗರ ಮಾಡಿ ಉಳಿಸು" ಅಂದರು. ಶಾಲೆಯ ಕೆಲಸವೇ ಮುಗಿಯುತ್ತಿಲ್ಲ, ಮೇಲೆ ಇದರ ಬಾಣಂತನ... ಒಲ್ಲೆ ಅನ್ನಲಿಲ್ಲ. ಸಿಂಧನೂರಿನಲ್ಲಿ ಇಂಥ ಬಾಡಿಗೆ ಮನೆ ಮತ್ತೆ ಸಿಗುವುದಿಲ್ಲ. ನನ್ನ ಗಂಡ ಹುಲಿಗೇಶ್ ಬ್ಯಾಂಕಿಗೆ ನಡೆದೇ ಹೋಗುತ್ತಾರೆ, ನಾನು ಶಾಲೆಗೆ.

ಜೂನ್ 13
ಹಳದಿ ಕಡ್ಡಿ ಎರಡೂ ಕಸಕ್ಕೆ. ಬಿಗಿದಿದ್ದ ಬಂಗಾರ ಬಣ್ಣದ ತಂತಿ ಬಿಚ್ಚಿದೆ. ಕೊಳೆತ ಬೇರು ಕತ್ತರಿಸಿ, ಕಲ್ಲು ತೊಳೆದು, ಬಿಸಿಲು ತಾಗದ ಹಾಗೆ ಅಡುಗೆಮನೆ ಮೂಲೆಗಿಟ್ಟೆ. ಗಿಡಕ್ಕೆ ಬೋರ್ ನೀರು ಬಂದ್. ನಾವು ಕುಡಿಯುವ ಫಿಲ್ಟರ್ ನೀರೇ ಇದಕ್ಕೂ.

ಜುಲೈ 20
ಬಿಳಿ ಬೇರು ಬಂದಿದೆ. ತುದಿಯಲ್ಲಿ ಚಿಗುರು. ಓನರಮ್ಮ ದಿನಾ ನೋಡಲು ಬರುತ್ತಾರೆ, ಅಡುಗೆ ಕಟ್ಟೆಗೆ ಒರಗಿ ಚಹಾ ಕುಡಿದೇ ಹೋಗುತ್ತಾರೆ. ನನಗೂ ಖುಷಿ, ಸುಳ್ಳೇಕೆ. ಈ ಊರಲ್ಲಿ ಅಕ್ಕಾ ಅನ್ನಲು ಒಬ್ಬರು ಸಿಕ್ಕರು.

ಆಗಸ್ಟ್ 4
ತುರ್ವಿಹಾಳದಿಂದ ಅವ್ವ ಬಂದಿದ್ದಾಳೆ. ಓನರಮ್ಮ ಚಹಾ ಕುಡಿಯುತ್ತಾ ಊರಲ್ಲಿ ಯಾವ ಓಣಿ ಎಂದು ಕೇಳಿದರು. ಅವ್ವ ಮುಚ್ಚಿಡುವವಳಲ್ಲ. ಎಸ್ಸಿ ಓಣಿ ಎಂದಳು, ಈಗ ಬೌದ್ಧರು ಎಂದೂ ಹೇಳಿದಳು. ಲೋಟ ಅರ್ಧಕ್ಕೇ ಕೆಳಗಿಳಿಯಿತು. ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಯಿತಂತೆ. ಮನೆ ಕೊಡುವಾಗ ಇಬ್ಬರಿಗೂ ಕಾಯಂ ಕೆಲಸ ಎಂದದ್ದಷ್ಟೇ ಸಾಕಾಗಿತ್ತು ಇವರಿಗೆ.

ಆಗಸ್ಟ್ 29
ಆಮೇಲೆ ಬಂದೇ ಇಲ್ಲ. ಮೆಟ್ಟಿಲಲ್ಲಿ ಎದುರಾದರೆ ಫೋನ್ ನೋಡುತ್ತಾರೆ. ಇವತ್ತು ಮಗನ ಕೈಲಿ ಹೇಳಿಕಳಿಸಿದರು — ದಸರಾದೊಳಗೆ ಮನೆ ಖಾಲಿ ಮಾಡಬೇಕಂತೆ, ನೆಂಟರು ಇರಲು ಬರುತ್ತಾರಂತೆ. ಹುಲಿಗೇಶ್ ಜಗಳ ಬೇಡ, ಮಸ್ಕಿಯಲ್ಲಿ ಮನೆ ನೋಡೋಣ ಎನ್ನುತ್ತಾರೆ. ದಿನಾ ಬಸ್ಸು. ತಪ್ಪು ಮಾಡಿದವರು ನಾವೇ ಅನ್ನುವ ಹಾಗೆ.

ಸೆಪ್ಟೆಂಬರ್ 27, ಸಂಜೆ
ಪಾತ್ರೆ ಕಟ್ಟುತ್ತಿದ್ದೆ. ಓನರಮ್ಮ ಬಂದರು. ಹೊಸ್ತಿಲಾಚೆಯೇ ನಿಂತರು. ಗಿಡ ಬೇಕಂತೆ. ಅದು ಚಿಗುರಿದ ಮೇಲೆ ಅಂಗಡಿಯೂ ಚಿಗುರಿದೆಯಂತೆ.

"ನಮ್ಮನಿ ನೀರು ಕುಡುದು ಬದುಕೈತ್ರಿ ಅಕ್ಕಾ ಅದು" ಅಂದೆ.

ಮುಖ ಕೂಡ ಬಾಡಲಿಲ್ಲ ಅವರದು. "ಅದಕ್ಕೇನಾತು, ತೊಳಕಂತೀನಿ" ಅಂದರು.

ಗಿಡ ಎತ್ತಿಕೊಂಡು ಬಾಗಿಲಿಗೆ ಬಂದೆ. ಅವರು ಕೈ ಚಾಚಲಿಲ್ಲ. ನೆಲ ತೋರಿಸಿದರು. ನಾನು ನೆಲಕ್ಕಿಡಲಿಲ್ಲ, ಒಳಗೆ ತಂದು ನಮ್ಮ ಪಾತ್ರೆಗಳ ಜೊತೆಗಿಟ್ಟೆ.